ಕಲ್ಲಹಳ್ಳಿಯ ಪಾಕಕವಿ ಮತ್ತು ಮೂವತ್ತೆರಡು ತುತ್ತು

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಹೆಸರನ್ನು ದಿನವೂ ಉಚ್ಚರಿಸುವವರಲ್ಲಿ ಹೆಚ್ಚಿನವರಿಗೆ ಅರಸು ಅವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರೆಂಬುದು ತಿಳಿದಿರುತ್ತದೆ. ಅದೇ ಕಲ್ಲಹಳ್ಳಿ ಸುಮಾರು ಐದು ಶತಮಾನಗಳ ಹಿಂದೆ ಕನ್ನಡಕ್ಕೆ ಒಂದು ಪಾಕಶಾಸ್ತ್ರವನ್ನು ಕೊಟ್ಟ ಊರೆಂಬುದು ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಿಗೂ ಬಹುಮಟ್ಟಿಗೆ ಮರೆತುಹೋಗಿದೆ. ಚೆಂಗಾಳ್ವರ ಆಶ್ರಯದಲ್ಲಿದ್ದ ಜೈನ ಮನೆತನಕ್ಕೆ ಸೇರಿದ ಮೂರನೆಯ ಮಂಗರಸನು 16ನೇ ಶತಮಾನದ ಆರಂಭದಲ್ಲಿ ಅಲ್ಲಿದ್ದು 'ನೇಮಿಜಿನೇಶಸಂಗತಿ', 'ಸಮ್ಯಕ್ತ್ವಕೌಮುದಿ', 'ಜಯನೃಪಕಾವ್ಯ' ಮೊದಲಾದ ಕೃತಿಗಳನ್ನು ರಚಿಸಿದನು. ಅವುಗಳ ಸಾಲಿನಲ್ಲಿಯೇ 'ಸೂಪಶಾಸ್ತ್ರ' ಇದೆ. ವಿದ್ಯಾರ್ಥಿಗಳು ಮೂವರು ಮಂಗರಸರನ್ನು ಒಬ್ಬನೆಂದೇ ಎಣಿಸುವುದುಂಟು. ವಿಷವೈದ್ಯವನ್ನು ಕುರಿತ 'ಖಗೇಂದ್ರಮಣಿದರ್ಪಣ' ಮೊದಲನೆಯ ಮಂಗರಾಜನದು, ನಿಘಂಟು ಎರಡನೆಯವನದು, ಅಡುಗೆಯ ಪುಸ್ತಕ ಮೂರನೆಯವನದು.

ಬೇಸಗೆ ಬಂತೆಂದರೆ ಆಹಾರದ ಮಾತು ಮೈಕಟ್ಟಿನ ಮಾತಾಗಿ, ಮೈಕಟ್ಟಿನ ಮಾತು ಕನ್ನಡಿಯ ಮಾತಾಗಿ ತಿರುಗುವುದು ಈಚಿನ ರೂಢಿ. ಹೆಚ್ಚು ಉಂಡದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಕೆಲವು ವಾರ ಉಪವಾಸ, ಆಮೇಲೆ ಮತ್ತೆ ಹಳೆಯ ತಟ್ಟೆ. ಕನ್ನಡ ನಾಡಿನ ಜೈನ ಪರಂಪರೆಯಲ್ಲಿ ಮಿತಾಹಾರದ ವಿಚಾರ ಬೇರೆಯೇ ಬಗೆಯಲ್ಲಿ ಬೆಳೆಯಿತು. ಅದನ್ನು ಅರಿಯಲು 'ಸೂಪಶಾಸ್ತ್ರ'ವೊಂದನ್ನೇ ಓದಿದರೆ ಸಾಲದು. ವೈದ್ಯಗ್ರಂಥಗಳನ್ನೂ ಆಚಾರಗ್ರಂಥಗಳನ್ನೂ ಅದರ ಪಕ್ಕದಲ್ಲಿರಿಸಿಕೊಳ್ಳಬೇಕು. ಏಕೆಂದರೆ ಮಂಗರಸನು ಆರೋಗ್ಯದ ಉಪದೇಶಕನಲ್ಲ. ಅವನದು ಸಿರಿವಂತರ ಮನೆಯ ಅಡುಗೆ. ತುಪ್ಪ, ಹಾಲು, ಸಕ್ಕರೆಗಳಿಗೆ ಅಲ್ಲಿ ಕೊರತೆಯಿಲ್ಲ. ಅದನ್ನು ಪಥ್ಯದ ಕೈಪಿಡಿಯೆಂದು ಹೊಗಳುವುದು ಕವಿಗೂ ಓದುಗರಿಗೂ ಅನ್ಯಾಯವೇ ಸರಿ.

ವೈದ್ಯದ ಕಡೆಯಿಂದ ಮೊದಲು ಸ್ಮರಿಸಬೇಕಾದವನು ಉಗ್ರಾದಿತ್ಯ. ಸಂಸ್ಕೃತದಲ್ಲಿರುವ ಅವನ 'ಕಲ್ಯಾಣಕಾರಕ'ವು ಅನ್ನಪಾನ, ಋತುಚರ್ಯೆಗಳ ವಿಚಾರವನ್ನು ಚಿಕಿತ್ಸೆಯ ಜೊತೆಗೇ ಹೇಳುತ್ತದೆ. ಗ್ರಂಥಾಂತ್ಯದ ಹಿತಾಹಿತ ವಿಚಾರದಲ್ಲಿ, ಮಾಂಸವು ಔಷಧಕ್ಕೂ ಆಹಾರಕ್ಕೂ ಅನಗತ್ಯವೆಂಬ ಪಕ್ಷವನ್ನು ನೃಪತುಂಗನ ಸಭೆಯಲ್ಲಿ ಮಂಡಿಸಿದುದಾಗಿ ತಿಳಿದುಬರುತ್ತದೆ. ಈ ನೃಪತುಂಗನು ಅಮೋಘವರ್ಷನೆಂದು ವಿದ್ವಾಂಸರು ಗ್ರಹಿಸಿದ್ದಾರೆ. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಆಧರಿಸಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿದಾಗಲೂ ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಚಿಕಿತ್ಸೆಯೇ ಅದರ ಹೆಗ್ಗಳಿಕೆಯಾಯಿತು. ಜೇನಿಲ್ಲದೆ ಲೇಹ್ಯ ಕಟ್ಟುವುದು, ಮಾಂಸರಸವಿಲ್ಲದೆ ಕೃಶನಾದ ರೋಗಿಯನ್ನು ಪೋಷಿಸುವುದು ಅಂದಿನ ವೈದ್ಯನಿಗೆ ಸುಲಭದ ಕೆಲಸವಾಗಿರಲಿಲ್ಲ. ಚರಕಾದಿಗಳಲ್ಲಿ ಇವು ಪದೇ ಪದೇ ಬರುವ ದ್ರವ್ಯಗಳು. ಅವನ್ನು ಕೈಬಿಟ್ಟವನು ಬದಲಿಯನ್ನು ಹುಡುಕಲೇಬೇಕು. ಹುಡುಕಾಟವು ಸೊಪ್ಪು, ಬೇರು, ಧಾನ್ಯ, ಹಾಲುಗಳ ಗುಣಪರೀಕ್ಷೆಗೆ ದಾರಿಮಾಡಿತು.

ಇದೇ ಹುಡುಕಾಟದ ರುಚಿಯ ಮುಖ 'ಸೂಪಶಾಸ್ತ್ರ'ದಲ್ಲಿದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿ ಮಾಂಸ, ಮೀನುಗಳ ಅಡುಗೆ ವಿಸ್ತಾರವಾಗಿದೆ. ಮಂಗರಸನಲ್ಲಿ ಅವಾವುದೂ ಇಲ್ಲ. ಆದರೂ ವಾರ್ಧಕ ಷಟ್ಪದಿಯ ಆ ಗ್ರಂಥ ಎಲ್ಲಿಯೂ ಬಡವಾಗಿಲ್ಲ. ಹಿಟ್ಟಿನ ತಿನಿಸುಗಳು, ಪಾನಕಗಳು, ಅನ್ನದ ಬಗೆಗಳು, ಶಾಕಗಳು ಎಂದು ಸಾಗುವ ಅದರಲ್ಲಿ ರೊಟ್ಟಿಯೊಂದೇ ಹಲವು ರೂಪ ತಾಳುತ್ತದೆ. ಮುಚ್ಚಳರೊಟ್ಟಿಯು ಮೇಲೂ ಕೆಳಗೂ ಕೆಂಡದ ಕಾವಿನಲ್ಲಿ ಬೇಯುತ್ತದೆ. ಬದನೆ, ಬಾಳೆ, ಹಲಸುಗಳಿಗೆ ಅವನು ಕೊಡುವ ಗೌರವ ಸಣ್ಣದಲ್ಲ. ನಿಷೇಧವು ನಾಲಗೆಯನ್ನು ಕುಗ್ಗಿಸಲಿಲ್ಲ, ಅದಕ್ಕೆ ಇನ್ನಷ್ಟು ಕೆಲಸ ಕೊಟ್ಟಿತು. ಖಾರಕ್ಕೆ ಕಾಳುಮೆಣಸು, ಶುಂಠಿ, ಸಾಸಿವೆಗಳೇ ಗತಿ. ಹಸಿಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳಿನ್ನೂ ಸಮುದ್ರದಾಚೆಗಿದ್ದ ಕಾಲವದು. ಇಂದು ದಾವಣಗೆರೆಯ ಮಂಡಕ್ಕಿಯನ್ನು ಮೆಣಸಿನಕಾಯಿ ಬಜ್ಜಿಯಿಲ್ಲದೆ ಊಹಿಸಲಾಗದವರಿಗೆ ಈ ಅಡುಗೆಮನೆ ಬೆರಗು ಹುಟ್ಟಿಸೀತು.

ಹಾಗಿದ್ದರೆ ಮಿತಿಯೆಲ್ಲಿತ್ತು? ಅದು ಪಾತ್ರೆಯಲ್ಲಿರಲಿಲ್ಲ, ಉಣ್ಣುವವನ ಆಚಾರದಲ್ಲಿತ್ತು. ಆರು ಬಾಹ್ಯತಪಗಳಲ್ಲಿ ಅನಶನ ಮೊದಲನೆಯದು, ಅವಮೌದರ್ಯ ಅದರ ಮುಂದಿನದು. ಅವಮೌದರ್ಯವೆಂದರೆ ಉಣ್ಣದಿರುವುದಲ್ಲ, ಹೊಟ್ಟೆ ತುಂಬುವುದಕ್ಕಿಂತ ಕಡಮೆ ಉಣ್ಣುವುದು. ಆಚಾರಗ್ರಂಥಗಳು ಪುರುಷನ ಪೂರ್ಣಾಹಾರವನ್ನು 32 ತುತ್ತು, ಸ್ತ್ರೀಯದನ್ನು 28 ತುತ್ತು ಎಂದು ಎಣಿಸುತ್ತವೆ. ವ್ಯಾಖ್ಯಾನಗಳಲ್ಲಿ ಒಂದು ತುತ್ತಿಗೆ ಸಾವಿರ ಅಕ್ಕಿಕಾಳಿನ ಅಳತೆಯೂ ಬರುತ್ತದೆ. ಅದರಲ್ಲಿ ಒಂದು ತುತ್ತು ಬಿಟ್ಟರೂ ತಪವೇ. ಉಪವಾಸಕ್ಕೆ ಊರೆಲ್ಲ ಸಾಕ್ಷಿಯಾಗಬಹುದು. ಬಿಟ್ಟ ಒಂದು ತುತ್ತಿಗೆ ಬಿಟ್ಟವನೊಬ್ಬನೇ ಸಾಕ್ಷಿ. ಈ ತಪದ ಫಲಗಳಲ್ಲಿ ನಿದ್ರಾಜಯ, ಸ್ವಾಧ್ಯಾಯದಲ್ಲಿ ಎಚ್ಚರಗಳನ್ನು ಹೇಳಿರುವುದು ಗಮನಾರ್ಹ. ದೇಹದ ಹಗುರತನವನ್ನು ಓದಿಗೆ ಜೋಡಿಸಿದವರು ಅವರು. ಆಯುರ್ವೇದವೂ ಹೊಟ್ಟೆಯ ಎರಡು ಪಾಲನ್ನು ಅನ್ನಕ್ಕೆ, ಒಂದು ಪಾಲನ್ನು ದ್ರವಕ್ಕೆ ಕೊಟ್ಟು ಉಳಿದ ಪಾಲನ್ನು ವಾಯುವಿಗೆ ತೆರವಿಡಲು ಹೇಳುತ್ತದೆ. ಎರಡು ಬೇರೆ ಉದ್ದೇಶಗಳು ಒಂದೇ ತಟ್ಟೆಯಲ್ಲಿ ಕೂಡುತ್ತವೆ.

ಬೇಸಗೆಯಲ್ಲಿ ಈ ಕೂಡುವಿಕೆ ಇನ್ನೂ ನಿಚ್ಚಳ. ಗ್ರೀಷ್ಮದಲ್ಲಿ ಬಲ ಕುಂದುವುದರಿಂದ ಸಿಹಿಯಾದ, ತಂಪಾದ, ದ್ರವಪ್ರಾಯವಾದ ಆಹಾರವನ್ನು ಕೊಂಡು, ಉಪ್ಪು, ಹುಳಿ, ಖಾರಗಳನ್ನೂ ಅತಿಯಾದ ಶ್ರಮವನ್ನೂ ಕಡಮೆಮಾಡಬೇಕೆಂಬುದು ವೈದ್ಯರ ಮಾತು. ಶಾಸ್ತ್ರದ ಗ್ರೀಷ್ಮ ಜ್ಯೇಷ್ಠ, ಆಷಾಢಗಳದು. ತುಂಗಭದ್ರೆಯ ದಡದ ಹರಿಹರ, ದಾವಣಗೆರೆಗಳಲ್ಲಿ ಆಷಾಢದ ವೇಳೆಗೆ ಮಳೆ ಬಂದಿರುತ್ತದೆ, ನಿಜವಾದ ಬೇಗೆ ಚೈತ್ರ, ವೈಶಾಖಗಳದು. ಜನ ಪಂಚಾಂಗವನ್ನು ಬದಲಿಸದೆ ಆಹಾರವನ್ನು ಮುಂದಕ್ಕೆ ತಂದುಕೊಂಡರು: ಚೈತ್ರದ ರಾಮನವಮಿಗೇ ಪಾನಕ, ಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ, ಮನೆಗಳಲ್ಲಿ ಅಂಬಲಿ. ಜೈನ ಮನೆಗಳಲ್ಲಿ ಇದಕ್ಕೆ ಇನ್ನೊಂದು ಎಚ್ಚರ ಸೇರುತ್ತದೆ. ಹಸಿ ಮೊಸರು, ಮಜ್ಜಿಗೆಗಳೊಡನೆ ದ್ವಿದಳ ಧಾನ್ಯ ಕೂಡಬಾರದೆಂಬ ನಿಯಮದಿಂದ ಕೋಸಂಬರಿ ಉಂಡ ಬಾಯಿಗೆ ಮಜ್ಜಿಗೆ ಒಡನೆಯೇ ಬರುವುದಿಲ್ಲ. ನೀರನ್ನು ಶೋಧಿಸಿಯೇ ಕುಡಿಯಬೇಕು. ಜೀವದಯೆಗಾಗಿ ಹುಟ್ಟಿದ ಈ ಕಟ್ಟಳೆಗಳನ್ನು ಇಂದಿನ ವಿಜ್ಞಾನದ ಭಾಷೆಯಲ್ಲಿ ಸಮರ್ಥಿಸಹೊರಡುವ ಉತ್ಸಾಹಿಗಳಿದ್ದಾರೆ. ಅದರ ಅಗತ್ಯ ಕಾಣುವುದಿಲ್ಲ. ಹಿಂಸೆ ಕಡಮೆಯಾಗಲೆಂಬ ಕಾರಣವೇ ಅವುಗಳಿಗೆ ಸಾಕಷ್ಟಾಯಿತು.

ಸಾಹಿತ್ಯಚರಿತ್ರೆಕಾರರು 'ಸೂಪಶಾಸ್ತ್ರ'ವನ್ನು ಶಾಸ್ತ್ರಕೃತಿಗಳ ಪಟ್ಟಿಗೆ ಸೇರಿಸಿ ಮುಂದೆ ಸಾಗಿದ್ದಾರೆ. ಅಡುಗೆಗೆ ಷಟ್ಪದಿಯೇಕೆಂದು ಕೇಳಿದ್ದರೆ, ಕಣ್ಣಳತೆ, ಬೆಂಕಿಯ ಹದಗಳನ್ನು ನೆನಪಿನಲ್ಲಿ ಉಳಿಸಲು ಛಂದಸ್ಸು ನೆರವಾಗುವ ಬಗೆ ಎದುರಾಗುತ್ತಿತ್ತು. ಅಟ್ಟವಳು ಓದಿದಳೋ, ಓದಿಸಿ ಕೇಳಿದಳೋ ಎಂಬ ಪ್ರಶ್ನೆಯೂ ಏಳುತ್ತಿತ್ತು. ನೇಮಿನಾಥನ ಕಥೆ ಬರೆದ ಲೇಖನಿಯೇ ಬದನೆಕಾಯಿಯ ಪಲ್ಯವನ್ನೂ ಬರೆಯಿತು. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ವ್ರತವಿದ್ದ ಸಮುದಾಯದ ಕವಿ ಅವನು. ಅವನು ಹೇಳುವ ತಿನಿಸುಗಳಷ್ಟೂ ಹಗಲ ಬೆಳಕಿನಲ್ಲೇ ಎಲೆಗೆ ಬೀಳಬೇಕಾಗಿದ್ದವು.