ನಲ್ ಮೌಲ್ಯ
ನಲ್ ಎಂಬುದು ಸಂಬಂಧಾತ್ಮಕ ಡೇಟಾಬೇಸ್‌ನಲ್ಲಿ ಒಂದು ಮೌಲ್ಯವು ತಿಳಿದಿಲ್ಲ ಅಥವಾ ಅನ್ವಯಿಸುವುದಿಲ್ಲ ಎಂದು ಸೂಚಿಸುವ ಗುರುತು. ಇದು ಸೊನ್ನೆಗೆ ಸಮನಲ್ಲ. ಸಂಬಂಧಾತ್ಮಕ ಮಾದರಿಯನ್ನು 1970ರಲ್ಲಿ ಮಂಡಿಸಿದ ಎಡ್ಗರ್ ಎಫ್. ಕಾಡ್ ಅವರು 1979ರ ಪ್ರಬಂಧದಲ್ಲಿ ನಲ್‌ಗೆ ಮೂರು ಮೌಲ್ಯಗಳ ತರ್ಕವನ್ನು ಅನ್ವಯಿಸಿದರು.

ಪ್ರಮಾಣಿತ ಎಸ್‌ಕ್ಯೂಎಲ್ ಭಾಷೆಯಲ್ಲಿ ನಲ್‌ನೊಂದಿಗೆ ಮಾಡಿದ ಹೋಲಿಕೆಯ ಫಲಿತಾಂಶವು ಸತ್ಯವೂ ಅಲ್ಲ, ಅಸತ್ಯವೂ ಅಲ್ಲ, ಅದು ‘ಅಜ್ಞಾತ’. ‘ವೇರ್’ ಷರತ್ತು ಸತ್ಯವಾದ ಸಾಲುಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ಅಂಕ ದಾಖಲಾಗದ ವಿದ್ಯಾರ್ಥಿಯ ಹೆಸರು ‘ಅಂಕ >= 35’ ಎಂಬ ಕ್ವೆರಿಯಲ್ಲಾಗಲಿ, ‘ಅಂಕ < 35’ ಎಂಬುದರಲ್ಲಾಗಲಿ ಬರುವುದಿಲ್ಲ; ದೋಷಸಂದೇಶವೂ ಕಾಣಿಸದು. ‘ಅಂಕ = ನಲ್’ ಎಂದು ಹುಡುಕಿದರೂ ಯಾವ ಸಾಲೂ ದೊರೆಯದು. ಅಂತಹ ಸಾಲುಗಳನ್ನು ಪಡೆಯಲು ‘ಅಂಕ ಇಸ್ ನಲ್’ ಎಂದು ಬರೆಯಬೇಕು.

‘ನಾಟ್ ಇನ್’ ಬಳಸುವಾಗ ಸಬ್‌ಕ್ವೆರಿಯ ಫಲಿತಾಂಶದಲ್ಲಿ ಒಂದೇ ಒಂದು ನಲ್ ಇದ್ದರೂ ಮುಖ್ಯ ಕ್ವೆರಿಗೆ ಯಾವ ಸಾಲೂ ಸಿಗುವುದಿಲ್ಲ. ‘ನಾಟ್ ಎಕ್ಸಿಸ್ಟ್ಸ್’ ಈ ತೊಡಕನ್ನು ತಪ್ಪಿಸುತ್ತದೆ. ‘ಕೌಂಟ್(*)’ ಎಲ್ಲ ಸಾಲುಗಳನ್ನು ಎಣಿಸಿದರೆ, ‘ಕೌಂಟ್(ಅಂಕ)’ ಮತ್ತು ಸರಾಸರಿ ಕೊಡುವ ‘ಎವಿಜಿ(ಅಂಕ)’ ನಲ್ ಇರುವ ಸಾಲುಗಳನ್ನು ಕೈಬಿಡುತ್ತವೆ. ನಲ್ ಬದಲಿಗೆ ಸೊನ್ನೆ ಸೇರಿಸಿದರೆ ಸರಾಸರಿ ಇಳಿಯುತ್ತದೆ; ಹಾಗಾಗಿ ಗೈರುಹಾಜರಿಯನ್ನು ಸೊನ್ನೆ ಅಂಕವೆಂದು ಪರಿಗಣಿಸಬೇಕೇ ಎಂಬುದನ್ನು ಕ್ವೆರಿ ಬರೆಯುವ ಮೊದಲೇ ನಿರ್ಧರಿಸಬೇಕಾಗುತ್ತದೆ.