ಹೊಲದಿಂದ ಬಾನುಲಿಗೆ ಬಂದ ‘ಬ್ರಾಡ್‌ಕಾಸ್ಟ್’

‘ಬ್ರಾಡ್’ ಎಂದರೆ ಅಗಲ, ‘ಕಾಸ್ಟ್’ ಎಂದರೆ ಎಸೆ. ಎರಡೂ ಕೂಡಿ ಆದ ‘ಬ್ರಾಡ್‌ಕಾಸ್ಟ್’ ಇಂದು ರೇಡಿಯೊ, ಟಿ.ವಿ.ಯವರ ಮಾತು. ಆದರೆ ರೇಡಿಯೊ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲೇ ಅದು ಇಂಗ್ಲೆಂಡಿನ ಬೇಸಾಯದ ಮಾತಾಗಿತ್ತು. ಮುಷ್ಟಿ ತುಂಬ ಬೀಜ ಹಿಡಿದು, ಕೈ ಬೀಸಿ ಹೊಲದಗಲಕ್ಕೂ ಎರಚುವುದಕ್ಕೆ ಆ ಹೆಸರು. ನಮ್ಮಲ್ಲಿ ಚೆಲ್ಲು ಬಿತ್ತನೆ ಎನ್ನುತ್ತೇವಲ್ಲ, ಅದೇ.

ಬೀಜ ಎರಚುವುದು ಬೇಸಾಯದಷ್ಟೇ ಹಳೆಯದು. ಹಾಗಿದ್ದೂ ಈ ಪದ ಬರಹದಲ್ಲಿ ಕಾಣಿಸಿಕೊಂಡದ್ದು 18ನೇ ಶತಮಾನದಲ್ಲಿ. ಇಂಗ್ಲೆಂಡಿನ ಬೇಸಾಯಗಾರ ಜೆತ್ರೊ ಟಲ್ 1701ರ ಸುಮಾರಿಗೆ ಸಾಲುಸಾಲಾಗಿ ಬೀಜ ಇಳಿಸುವ ಯಂತ್ರ ಮಾಡಿದ. 1731ರಲ್ಲಿ ಆ ಬೇಸಾಯದ ಬಗ್ಗೆ ಪುಸ್ತಕವನ್ನೂ ತಂದ. ಸಾಲು ಬಿತ್ತನೆ ಚರ್ಚೆಗೆ ಬಂದ ಮೇಲೆಯೇ ಹಳೆಯ ಪದ್ಧತಿಗೆ ಬೇರೆ ಹೆಸರು ಬೇಕಾಯಿತು ಎಂದು ನನಗೆ ತೋರುತ್ತದೆ. ಕೂರಿಗೆಯನ್ನೂ ಚೆಲ್ಲು ಬಿತ್ತನೆಯನ್ನೂ ಬಲ್ಲ ನಮ್ಮ ರೈತರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ನಿಸ್ತಂತು ಬಂದ ಹೊಸದರಲ್ಲಿ ಅದರ ಕೆಲಸ ಹಡಗಿನಿಂದ ದಡಕ್ಕೆ, ಒಬ್ಬರಿಂದ ಒಬ್ಬರಿಗೆ ಸುದ್ದಿ ಮುಟ್ಟಿಸುವುದು. ನಡುವೆ ಯಾರು ಬೇಕಾದರೂ ಕದ್ದು ಕೇಳಬಹುದಿತ್ತು, ಗುಟ್ಟು ಉಳಿಯುತ್ತಿರಲಿಲ್ಲ. ಅದು ದೊಡ್ಡ ಕೊರತೆ ಎನಿಸಿತ್ತು. 1920ರ ನವೆಂಬರ್ 2ರಂದು ಅಮೆರಿಕದ ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಹರಿಯಬಿಟ್ಟಾಗ ಆ ಕೊರತೆಯೇ ಬಂಡವಾಳವಾಯಿತು. ಕೇಳುವವರು ಯಾರು, ಎಲ್ಲಿದ್ದಾರೆ ಎಂದು ಹೇಳುವವರಿಗೆ ತಿಳಿಯದು. ಎರಚಿದ ಕಾಳು ಎಲ್ಲಿ ಬೀಳುತ್ತದೆಂದು ಬಿತ್ತುವವನಿಗೂ ತಿಳಿಯದು. ಹೊಸ ಕೆಲಸಕ್ಕೆ ಇಷ್ಟು ಸರಿಯಾಗಿ ಒಪ್ಪಿದ ಹಳೆಯ ಪದಗಳು ಅಪರೂಪ. 1922ರಲ್ಲಿ ಬಿಬಿಸಿ ಆರಂಭವಾದಾಗ ಈ ಪದ ಸಂಸ್ಥೆಯ ಹೆಸರಿನೊಳಗೇ ಸೇರಿತು.

ಮುಂದೆ ‘ಟೆಲಿಕಾಸ್ಟ್’ ಬಂತು; 2004ರಲ್ಲಿ ‘ಪಾಡ್‌ಕಾಸ್ಟ್’ ಹುಟ್ಟಿತು. ಇದರಲ್ಲಿ ಕೇಳುಗರು ತಮಗೆ ಬೇಕಾದದ್ದನ್ನು ಬೇಕಾದಾಗ ಆರಿಸಿಕೊಳ್ಳುತ್ತಾರೆ. ಅಗಲಕ್ಕೆ ಎರಚುವ ಅರ್ಥ ಹೋಗಿ ‘ಕಾಸ್ಟ್’ ಎಂಬ ಬಾಲವಷ್ಟೇ ಉಳಿದಿದೆ.

ಕನ್ನಡಕ್ಕೆ ಬಂದರೆ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ತೆರೆದ ಬಾನುಲಿ ಕೇಂದ್ರ ‘ಆಕಾಶವಾಣಿ’ ಎಂಬ ಹೆಸರು ಪಡೆಯಿತು. ಮುಂದೆ ಇಡೀ ದೇಶದ ರೇಡಿಯೊ ಅದನ್ನೇ ತನ್ನದಾಗಿಸಿಕೊಂಡಿತು. ಕೇಂದ್ರಗಳು ಮಾಡುವ ಕೆಲಸಕ್ಕೆ ‘ಪ್ರಸಾರ’, ‘ಬಿತ್ತರ’ ಎರಡೂ ಬಳಕೆಯಲ್ಲಿವೆ. ಬಿತ್ತರಿಸು ಎಂದೊಡನೆ ಬಿತ್ತುವುದು ನೆನಪಾಗುವುದು ಸಹಜ. ಆದರೆ ಬಿತ್ತು ಅಚ್ಚ ದ್ರಾವಿಡ ಪದ, ತಮಿಳು ತೆಲುಗುಗಳ ‘ವಿತ್ತು’ವಿನ ಒಡಹುಟ್ಟು. ಬಿತ್ತರ ಸಂಸ್ಕೃತದ ‘ವಿಸ್ತರ’ದ ತದ್ಭವ, ಬಿತ್ತರಿಸು ಎಂದರೆ ಹಳಗನ್ನಡದಲ್ಲಿ ವಿಸ್ತಾರವಾಗಿ ಹೇಳು ಎಂದರ್ಥ. ಇಂಗ್ಲಿಷ್ ಪದಕ್ಕೆ ಹೊಲದ ಮೂಲವಿದೆಯೆಂದು ನಮ್ಮ ಪದಕ್ಕೂ ಅದನ್ನು ಅಂಟಿಸುವುದು ತಪ್ಪು. ಆದರೂ ಬಾಯಿಗೆ ಹಗುರಾದ, ಕಿವಿಗೆ ಬಿತ್ತನೆಯನ್ನೂ ನೆನಪಿಸುವ ಈ ಮಾತನ್ನು ಸುದ್ದಿಮನೆಯವರು ಮರೆಯದೆ ಬಳಸಲಿ.