ಬಿಲ ಸಾಕಿದವರು

ನಮ್ಮ ತೋಟಕ್ಕಿಳಿಯುವ ದಾರಿಯ ಧರೆಯಲ್ಲಿ ಹೆಬ್ಬೆರಳು ತೂರುವಷ್ಟು ಅಗಲದ ಜೇಡದ ಬಿಲವೊಂದಿತ್ತು. ಬಾಯಿಗೆ ಬಿಳಿ ನೂಲಿನ ಅಂಚು. ಹುಡುಗರೆಲ್ಲ ಹುಲ್ಲುಕಡ್ಡಿ ತೂರಿಸಿ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ‘ಅದರ ಪಾಡಿಗೆ ಅದಿರ್ಲಿ, ಬಿಡ್ರೋ’ ಎಂದು ಅಜ್ಜ ಗದರುತ್ತಿದ್ದರು.

ಈ ಕಡ್ಡಿಯಾಟ ನಮ್ಮದು ಮಾತ್ರವಲ್ಲ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇಟಲಿಯ ಅಪುಲಿಯಾದ ರೈತರು ಓಟ್ಸ್ ದಂಟಿನ ಪೀಪಿಯಲ್ಲಿ ಜೇನ್ನೊಣದಂತೆ ಗುಂಯ್‌ಗುಟ್ಟಿಸಿ ಜೇಡವನ್ನು ಬಿಲದಿಂದ ಹೊರಗೆಳೆಯುತ್ತಿದ್ದರೆಂದು 17ನೆಯ ಶತಮಾನದ ಕೊನೆಯಲ್ಲಿ ಬಾಗ್ಲಿವಿ ಎಂಬ ವೈದ್ಯ ಬರೆದಿಟ್ಟಿದ್ದಾನೆ. ಅಲ್ಲಿನ ತಾರಾಂತೊ ಊರೇ ‘ಟರಾಂಟುಲಾ’ ಹೆಸರಿನ ಮೂಲ. ಕಚ್ಚಿಸಿಕೊಂಡವರು ಕುಣಿದೇ ವಿಷ ಇಳಿಸಿಕೊಳ್ಳಬೇಕೆಂಬ ನಂಬಿಕೆಯೂ ಅಲ್ಲಿತ್ತು. ಆದರೆ ಅಲ್ಲಿನ ಆ ಜೇಡ ತೋಳಜೇಡ. ಇಂದು ಟರಾಂಟುಲಾ ಎಂದು ಕರೆಯುವ ದೈತ್ಯ ರೋಮಜೇಡಗಳ ಕುಟುಂಬವೇ ಬೇರೆ.

ಈ ತೋಳಜೇಡವನ್ನು ಪ್ರೀತಿಯಿಂದ ಸಾಕಿದವರಲ್ಲಿ ನನಗೆ ಮೊದಲು ನೆನಪಾಗುವವನು ಲಿಯೋನ್ ದ್ಯುಫೂರ್. ನೆಪೋಲಿಯನ್ನನ ಸೇನೆಯ ಜೊತೆ ಸ್ಪೇನಿಗೆ ಹೋಗಿದ್ದ ಈ ವೈದ್ಯ 1812ರ ಮೇ 7ರಂದು ವೆಲೆನ್ಸಿಯಾದಲ್ಲಿ ಒಂದು ಗಂಡುಜೇಡ ಹಿಡಿದ. ಗಾಜಿನ ಜಾಡಿ, ತಳದಲ್ಲಿ ವಾಸಕ್ಕೊಂದು ಕಾಗದದ ಚೀಲ, ಮೇಲೆ ಕಾಗದದ ಮುಚ್ಚಳ. ಮಲಗುವ ಕೋಣೆಯ ಮೇಜಿನ ಮೇಲೇ ಅದರ ಬಿಡಾರ. ಕೆಲವೇ ದಿನಗಳಲ್ಲಿ ಅದು ಅವನ ಬೆರಳಿನಿಂದಲೇ ನೊಣ ಇಸಿದುಕೊಳ್ಳುವಷ್ಟು ಹೊಂದಿಕೊಂಡಿತು.

ಅದಕ್ಕೆ ಸಿಗದ ಮಣ್ಣನ್ನು ಇನ್ನೊಂದು ಜಾತಿಯ ತೋಳಜೇಡಕ್ಕೆ ಕೊಟ್ಟವನು ಫ್ರೆಂಚ್ ಕೀಟತಜ್ಞ ಫಾಬ್ರ್. ಸೆರಿಞಾನ್ ಹಳ್ಳಿಯ ತನ್ನ ಬೀಳುಭೂಮಿಯಲ್ಲಿ ಕುಂಡಗಳಿಗೆ ಮಣ್ಣು ತುಂಬಿ, ತಂತಿಬಲೆ ಮುಚ್ಚಿ, ಹೆಣ್ಣುಜೇಡಗಳನ್ನು ಬಿಟ್ಟ. ಪಕ್ಕದಲ್ಲಿ ಸಣ್ಣ ಕಲ್ಲು, ಒಂದಂಗುಲದ ಬಣ್ಣಬಣ್ಣದ ಉಣ್ಣೆದಾರದ ತುಂಡುಗಳನ್ನಿಟ್ಟ. ಕೆಂಪು, ಬಿಳಿ, ಹಸಿರು, ಹಳದಿ ಎಂದು ಆರಿಸದೆ ಕೈಗೆ ಸಿಕ್ಕಿದ್ದನ್ನೆಲ್ಲ ನೂಲಿನಿಂದ ಬೆಸೆದ ಜೇಡ ಬಿಲದ ಬಾಯಿಗೆ ಎರಡಂಗುಲ ಎತ್ತರದ ಕಟ್ಟೆ ಕಟ್ಟಿತು. ಮೊಟ್ಟೆಚೀಲವನ್ನು ಹಿಂಗಾಲಲ್ಲಿ ಎತ್ತಿ, ಬಿಲದ ಬಾಯಲ್ಲಿ ತಿರುಗಿಸುತ್ತ ವಾರಗಟ್ಟಲೆ ಬಿಸಿಲು ಕಾಯಿಸುವ ತಾಯಿಯನ್ನೂ ಅವನು ಕಂಡ. ಹೊರಗೆ ಬಯಲಿನಲ್ಲಿ ಇವುಗಳ ಬಿಲ ಸುಮಾರು ಒಂದಡಿ ಆಳ. ಮೊದಲು ನೇರ ಇಳಿದು, ಆಮೇಲೆ ಮೊಣಕೈಯಂತೆ ಬಾಗುತ್ತದೆ.

ಮುಂದೆ ಹವ್ಯಾಸ ವ್ಯಾಪಾರವಾಯಿತು. ಮೆಕ್ಸಿಕೋದ ಕೆಂಪು ಮಂಡಿಯ ಟರಾಂಟುಲಾಗಳನ್ನು ಬಿಲದಿಂದ ಕಿತ್ತು ಹಡಗು, ವಿಮಾನ ಹತ್ತಿಸಿದ್ದು ಎಷ್ಟಾಯಿತೆಂದರೆ, 1985ರಲ್ಲಿ ಅವುಗಳನ್ನು ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಬೇಕಾಯಿತು.

ನಮ್ಮ ಪಶ್ಚಿಮಘಟ್ಟದಲ್ಲೂ ಬಿಲ ತೋಡುವ ಟರಾಂಟುಲಾಗಳಿವೆ. ಅವುಗಳಲ್ಲೊಂದಾದ ಥ್ರಿಗ್ಮೋಪಿಯಸ್ ಕುಲಕ್ಕೆ ಪ್ರಾಣಿಶಾಸ್ತ್ರಜ್ಞ ಪೋಕಾಕ್ 1899ರಲ್ಲೇ ಹೆಸರಿಟ್ಟಿದ್ದ. ಆದರೆ ಇಂಥ ಬಿಲವಾಸಿಯನ್ನು ಸಾಕಿದವರಿಗೆ ಹಗಲೆಲ್ಲ ಕಾಣುವುದು ಬರೀ ತೂತು. ತೂತು ನೋಡುವುದಕ್ಕೆ ಗಾಜಿನ ಪೆಟ್ಟಿಗೆ ಯಾಕೆ? ಧರೆಯ ಮುಂದೆ ಕೂತರೆ ಸಾಕು, ಕಡ್ಡಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.